ರಸ್ತೆಯಲ್ಲಿ ಪೊಲೀಸರು ಸ್ಟೇಟಸ್ ಕೇಳಿದರೆ: ಅರಿಜೋನಾದ ಎಸ್‌ಬಿ 1070 ಮತ್ತು ಜೇಬಿನಲ್ಲಿರಬೇಕಾದ ಕಾಗದಗಳು

ಪ್ರಶ್ನೆ: ಅರಿಜೋನಾದ ಚಾಂಡ್ಲರ್‌ನಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಎಷ್ಟು ದಿನ ಇರಬಹುದೆಂದು ಹೇಳುವ ನನ್ನ ಐ-94 ದಾಖಲೆ ಇನ್ನು ಮೂರು ತಿಂಗಳಿಗೆ ಮುಗಿಯುತ್ತದೆ, ಎಕ್ಸ್‌ಟೆನ್ಷನ್‌ಗೆ ಕಂಪನಿಯವರು ಅರ್ಜಿ ಹಾಕಿದ್ದಾರೆ. ಮುಂದಿನ ತಿಂಗಳು ದಾವಣಗೆರೆಯಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಅವರಿಗೆ ಇಂಗ್ಲಿಷ್ ಬಾರದು. ಇಲ್ಲಿ ಪೊಲೀಸರೇ ವೀಸಾ ಪರಿಶೀಲಿಸಬಹುದು ಎನ್ನುವ ರಾಜ್ಯದ ಕಾನೂನು ಇದೆಯಂತೆ. ಕಾರು ನಿಲ್ಲಿಸಿದರೆ ಏನು ತೋರಿಸಬೇಕು? ಪಾಸ್‌ಪೋರ್ಟ್ ಸದಾ ಜೊತೆಗಿರಬೇಕೆ? ಹಿಂದೆ ಕುಳಿತ ಅಪ್ಪ ಅಮ್ಮನನ್ನೂ ಕೇಳಬಹುದೆ?

ಉತ್ತರ: ಸ್ಟೇಟಸ್, ಅಂದರೆ ನಿಮ್ಮ ವಾಸ ಕಾನೂನುಬದ್ಧವೇ ಎನ್ನುವುದನ್ನು, ಪರಿಶೀಲಿಸುವುದಕ್ಕೆಂದೇ ಅರಿಜೋನಾದ ಪೊಲೀಸರು ನಿಮ್ಮ ಕಾರು ನಿಲ್ಲಿಸುವ ಹಾಗಿಲ್ಲ. ವೇಗ ಮೀರಿದ್ದು, ಕೆಂಪು ದೀಪ ದಾಟಿದ್ದು, ಹಿಂದಿನ ಲೈಟು ಉರಿಯದಿದ್ದದ್ದು, ಹೀಗೆ ಬೇರೆ ಯಾವುದೋ ಕಾನೂನಿನ ಕಾರಣಕ್ಕೆ ನಿಲ್ಲಿಸಿದ ಮೇಲಷ್ಟೇ ಆ ಪ್ರಶ್ನೆ ಏಳಬಹುದು. ಆಗ ಚಾಲ್ತಿಯಲ್ಲಿರುವ ಅರಿಜೋನಾ ಲೈಸೆನ್ಸ್ ತೋರಿಸಿದರೆ, ನೀವು ಕಾನೂನುಬದ್ಧವಾಗಿಯೇ ಇಲ್ಲಿದ್ದೀರಿ ಎಂದು ಆ ಕಾನೂನೇ ಭಾವಿಸುತ್ತದೆ. ಅದಕ್ಕಾಗಿ ಪಾಸ್‌ಪೋರ್ಟ್ ಹೊತ್ತು ತಿರುಗಬೇಕಿಲ್ಲ. ಆದರೆ ಐ-94 ಪ್ರಿಂಟ್ ಮಾತ್ರ ಜೊತೆಗಿರಲೇಬೇಕು. ಅದನ್ನು ಬಯಸುವುದು ಅರಿಜೋನಾದ ಕಾನೂನಲ್ಲ, ಫೆಡರಲ್ ಕಾನೂನು. ಈ ಎರಡನ್ನು ಬೇರೆ ಬೇರೆಯಾಗಿ ನೋಡಿದರೆ ಗೊಂದಲದ ಮುಕ್ಕಾಲು ಪಾಲು ಕರಗುತ್ತದೆ. ಉಳಿಯುವುದು ನಿಮ್ಮ ಲೈಸೆನ್ಸಿನ ಮೇಲಿನ ತಾರೀಖು ಮತ್ತು ಹಿಂದಿನ ಸೀಟಿನಲ್ಲಿ ಕೂರುವ ಅಪ್ಪ ಅಮ್ಮ. ನೀವು ಈಗಿನಿಂದಲೇ ಕೈಹಾಕಬೇಕಾದದ್ದು ಆ ಎರಡಕ್ಕೆ.

ನಿಮ್ಮ ಕಿವಿಗೆ ಬಿದ್ದಿರುವ ಕಾನೂನು ಎಸ್‌ಬಿ 1070. 2010ರ ಏಪ್ರಿಲ್ 23ರಂದು ಆಗಿನ ಗವರ್ನರ್ ಜ್ಯಾನ್ ಬ್ರೂವರ್ ಅದಕ್ಕೆ ಸಹಿ ಹಾಕಿದರು. ಒಂದೇ ವಾರಕ್ಕೆ ಎಚ್‌ಬಿ 2162 ಎಂಬ ತಿದ್ದುಪಡಿಯೂ ಬಂತು. ಜಾರಿಯಾಗುವ ಹಿಂದಿನ ದಿನ, ಜುಲೈ 28ರಂದು, ಫೆಡರಲ್ ನ್ಯಾಯಾಧೀಶೆ ಸೂಸನ್ ಬೋಲ್ಟನ್ ಅದರ ನಾಲ್ಕು ಮುಖ್ಯ ಭಾಗಗಳಿಗೆ ತಡೆ ಕೊಟ್ಟರು. 2012ರ ಜೂನ್ 25ರಂದು ಸುಪ್ರೀಂ ಕೋರ್ಟ್ ಆ ನಾಲ್ಕರಲ್ಲಿ ಮೂರನ್ನು ಹೊಡೆದುಹಾಕಿತು: ನೋಂದಣಿ ಕಾಗದ ಇಟ್ಟುಕೊಳ್ಳದಿರುವುದನ್ನು ರಾಜ್ಯದ ಅಪರಾಧ ಮಾಡಿದ ಭಾಗ, ಅನುಮತಿಯಿಲ್ಲದೆ ಕೆಲಸ ಹುಡುಕುವುದನ್ನು ಅಪರಾಧ ಮಾಡಿದ ಭಾಗ, ಗಡೀಪಾರಿಗೆ ಅರ್ಹರೆಂಬ ಗುಮಾನಿಯ ಮೇಲೆ ವಾರಂಟ್ ಇಲ್ಲದೆ ಬಂಧಿಸಲು ಬಿಟ್ಟ ಭಾಗ. ಉಳಿದದ್ದು 2(ಬಿ) ಒಂದೇ. ಅದು 2012ರ ಸೆಪ್ಟೆಂಬರ್ 18ರಿಂದ ಜಾರಿಯಲ್ಲಿದೆ. ಸಂಘದ ಊಟದ ಸಾಲಿನಲ್ಲಿ ನಿಂತು ಜನ ಹೇಳುವ ಮಾತುಗಳಲ್ಲಿ ಹೆಚ್ಚಿನವು ಆ ಬಿದ್ದುಹೋದ ಮೂರು ಭಾಗಗಳಿಗೆ ಸೇರಿದವು.

ನಮ್ಮಲ್ಲಿ ವಿದೇಶಿಯರ ವಿಷಯ ಕೇಂದ್ರದ್ದಾದರೂ ಕೇಂದ್ರ ಕೊಟ್ಟ ಅಧಿಕಾರದಲ್ಲೇ ರಾಜ್ಯದ ಪೊಲೀಸರು ಕೆಲಸ ಮಾಡುತ್ತಾರೆ. ಬೆಂಗಳೂರಿನ ಠಾಣೆಯೊಂದರಲ್ಲಿ ವಿದೇಶಿ ವಿದ್ಯಾರ್ಥಿಯ ವೀಸಾ ನೋಡಿದರೆ ಯಾರಿಗೂ ಅಚ್ಚರಿಯಿಲ್ಲ. ಅಮೆರಿಕದಲ್ಲಿ ಹಾಗಲ್ಲ. ವಲಸೆ ಫೆಡರಲ್ ಸರ್ಕಾರದ ವಿಷಯ, ರಾಜ್ಯದ ಪೊಲೀಸರಿಗೆ ಅದರಲ್ಲಿ ಸ್ವಂತ ಅಧಿಕಾರ ಬಹಳ ಕಡಿಮೆ. ಅವಧಿ ಮೀರಿ ಉಳಿಯುವುದು ಸಾಮಾನ್ಯವಾಗಿ ಕ್ರಿಮಿನಲ್ ಅಪರಾಧವೇ ಅಲ್ಲ, ಸಿವಿಲ್ ಉಲ್ಲಂಘನೆ ಎಂದು 2012ರ ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಆಂಥನಿ ಕೆನಡಿ ಬರೆದರು. ಸ್ಟೇಟಸ್ ಪರಿಶೀಲನೆಗೆಂದೇ ಒಬ್ಬರನ್ನು ತಡೆದಿಟ್ಟರೆ ಸಂವಿಧಾನದ ಪ್ರಶ್ನೆ ಏಳುತ್ತದೆ ಎಂಬ ಎಚ್ಚರಿಕೆಯೂ ಅದರಲ್ಲಿದೆ.

2(ಬಿ) ಹೇಳುವುದನ್ನು ಪದ ಬಿಡಿಸಿ ಓದಬೇಕು. ಬೇರೆ ಕಾನೂನಿನ ಜಾರಿಗಾಗಿ ಸಕ್ರಮವಾಗಿ ನಿಲ್ಲಿಸಿದಾಗ, ಎದುರಿಗಿರುವವರು ವಿದೇಶಿ ಮತ್ತು ಅಕ್ರಮವಾಗಿ ಇಲ್ಲಿದ್ದಾರೆ ಎಂಬ ಸಕಾರಣ ಅನುಮಾನ ಇದ್ದರೆ, ಸಾಧ್ಯವಾದಾಗ, ಸ್ಟೇಟಸ್ ತಿಳಿಯಲು ತಕ್ಕ ಪ್ರಯತ್ನ ಮಾಡಬೇಕು. ವಿದೇಶಿ ಎನ್ನುವುದೊಂದೇ ಸಾಲದು, ಅಕ್ರಮ ಎಂಬ ಅನುಮಾನಕ್ಕೂ ಕಾರಣ ಬೇಕು. ಮೈಬಣ್ಣ, ಜನಾಂಗ, ಹುಟ್ಟಿದ ದೇಶ, ಇವನ್ನು ಸಂವಿಧಾನ ಒಪ್ಪುವಷ್ಟರ ಹೊರತು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು ಕಾನೂನಿನಲ್ಲೇ ಬರೆದಿದೆ. 2016ರ ಸೆಪ್ಟೆಂಬರ್‌ನಲ್ಲಿ ದಾವೆಯೊಂದು ರಾಜಿಯಾದಾಗ ರಾಜ್ಯದ ಅಟಾರ್ನಿ ಜನರಲ್ ಪೊಲೀಸರಿಗೆ ಲಿಖಿತ ಸೂಚನೆ ಕೊಟ್ಟರು: ಸ್ಟೇಟಸ್ ತಿಳಿಯುವುದಕ್ಕಾಗಿ ಮಾತ್ರ ನಿಲುಗಡೆಯನ್ನು ಉದ್ದ ಮಾಡಬೇಡಿ. ಅದರ ಹಿಂದಿನ ವರ್ಷವೇ, ರೊಡ್ರಿಗಸ್ ಪ್ರಕರಣದಲ್ಲಿ, ಟ್ರಾಫಿಕ್ ಸ್ಟಾಪ್ ಅದರ ಕೆಲಸ ಮುಗಿಯುವಷ್ಟು ಹೊತ್ತು ಮಾತ್ರ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಟಿಕೆಟ್ ಬರೆದು ಲೈಸೆನ್ಸ್ ಕೈಗೆ ಕೊಟ್ಟ ಮೇಲೆ ಹೊಸ ಅನುಮಾನವಿಲ್ಲದೆ ತಡೆಯುವಂತಿಲ್ಲ.

ಈಗ ಲೈಸೆನ್ಸ್. ಕಾನೂನು ಬದ್ಧ ವಾಸದ ಪುರಾವೆಯಿಲ್ಲದೆ ಅರಿಜೋನಾ ಲೈಸೆನ್ಸ್ ಕೊಡುವುದಿಲ್ಲ, ಆದ್ದರಿಂದಲೇ ಅದಕ್ಕೆ ಈ ಬೆಲೆ. ಅರಿಜೋನಾದ ಗುರುತಿನ ಚೀಟಿಗೂ ಬುಡಕಟ್ಟು ರಾಷ್ಟ್ರಗಳ ಗುರುತಿನ ಚೀಟಿಗೂ ಇದೇ ಮಾನ್ಯತೆ. ಬೇರೆ ರಾಜ್ಯದ ಲೈಸೆನ್ಸ್ ಆದರೆ, ಕೊಡುವ ಮೊದಲು ಕಾನೂನುಬದ್ಧ ವಾಸದ ಪುರಾವೆ ಕೇಳುವ ರಾಜ್ಯದ್ದಾಗಿರಬೇಕು. ವಾಷಿಂಗ್ಟನ್ ರಾಜ್ಯದ ಸಾಮಾನ್ಯ ಲೈಸೆನ್ಸ್‌ಗೆ ಅಂಥ ಪುರಾವೆ ಬೇಕಿಲ್ಲ. ಕ್ಯಾಲಿಫೋರ್ನಿಯಾ 2015ರಿಂದ ಎಬಿ 60 ಕಾನೂನಿನಡಿ ಕೊಡುವ ಲೈಸೆನ್ಸ್‌ಗೂ ಬೇಕಿಲ್ಲ. ಸಿಯಾಟಲ್‌ನಿಂದ ಕೆಲಸ ಬದಲಿಸಿ ಬಂದು ಹಳೆಯ ಲೈಸೆನ್ಸ್‌ನಲ್ಲೇ ಓಡಾಡುವವರು ಇದನ್ನು ಗಮನಿಸಬೇಕು. ಊರಿನ ಲೈಸೆನ್ಸ್‌ಗಂತೂ ಈ ವಿಷಯದಲ್ಲಿ ಯಾವ ಬಲವೂ ಇಲ್ಲ.

ನಿಮಗೆ ತೊಡಕಾಗುವುದು 'ಚಾಲ್ತಿಯಲ್ಲಿರುವ' ಎಂಬ ಪದ. ಎಚ್-1ಬಿಯವರ ಲೈಸೆನ್ಸ್ ಅವಧಿ ಅವರ ಅಧಿಕೃತ ವಾಸದ ಅವಧಿಗೆ ಕಟ್ಟಿದ್ದು, ಎರಡೂ ಒಟ್ಟಿಗೆ ಮುಗಿಯುತ್ತವೆ. ಅದೇ ಕಂಪನಿ ಹಳೆಯ ಅವಧಿ ಮುಗಿಯುವ ಮೊದಲೇ ಎಕ್ಸ್‌ಟೆನ್ಷನ್ ಅರ್ಜಿ ಹಾಕಿದ್ದರೆ, ಐ-94 ಮುಗಿದ ಮೇಲೂ 240 ದಿನ ಕೆಲಸ ಮುಂದುವರಿಸಬಹುದು. ಆದರೆ ಆ 240 ದಿನ ಕೆಲಸಕ್ಕೆ ಸಂಬಂಧಿಸಿದ್ದು, ಲೈಸೆನ್ಸಿನ ತಾರೀಖನ್ನು ತಾನಾಗಿ ಮುಂದಕ್ಕೆ ತಳ್ಳುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ: ಕೆಲಸಕ್ಕೆ ತೊಂದರೆಯಿಲ್ಲ ಎಂಬ ಧೈರ್ಯದಲ್ಲಿ ಅವಧಿ ಮುಗಿದ ಲೈಸೆನ್ಸ್ ಇಟ್ಟುಕೊಂಡು ಕಾರು ಓಡಿಸುತ್ತಾರೆ. ಆಗ ಒಂದು, ಅದೇ ಒಂದು ಉಲ್ಲಂಘನೆ; ಎರಡು, ಲೈಸೆನ್ಸ್ ಇದ್ದವರು ಕಾನೂನುಬದ್ಧವಾಗಿ ಇದ್ದಾರೆ ಎಂಬ, ರಕ್ಷಣೆ ಕೊಡುತ್ತಿದ್ದ ಊಹೆ ಕೈಬಿಟ್ಟುಹೋಯಿತು; ಮೂರು, ಅಧಿಕಾರಿ ದಾಖಲೆ ನೋಡಿದರೆ ಅಲ್ಲೂ ಮುಗಿದ ತಾರೀಖೇ ಕಾಣುತ್ತದೆ. ಮೂರೂ ಒಟ್ಟಿಗೆ ಸೇರಿದರೆ ಸಕಾರಣ ಅನುಮಾನಕ್ಕೆ ಬೇಕಾದ ಸಾಮಗ್ರಿ ಸಿಕ್ಕಂತೆ.

ಆದ್ದರಿಂದ ಈ ವಾರವೇ ಎಚ್‌ಆರ್‌ಗೆ ಬರೆದು ಅರ್ಜಿಯನ್ನು ಪ್ರೀಮಿಯಂ ಪ್ರೊಸೆಸಿಂಗ್‌ಗೆ ಬದಲಿಸಲು ಕೇಳಿ. ಅದರಲ್ಲಿ 15 ಕೆಲಸದ ದಿನಗಳೊಳಗೆ ಒಂದು ಕ್ರಮ ಬರುತ್ತದೆ: ಒಪ್ಪಿಗೆ, ನಿರಾಕರಣೆ, ಇಲ್ಲವೇ ಹೆಚ್ಚಿನ ದಾಖಲೆ ಕೇಳಿ ಪತ್ರ. ಎಕ್ಸ್‌ಟೆನ್ಷನ್ ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಲು ಬರುತ್ತದೆ, ಮುಂದಿನ ಸಲ ಮೂರು ತಿಂಗಳವರೆಗೆ ಕಾಯಬೇಡಿ. ಒಪ್ಪಿಗೆಯ ಪತ್ರ ಐ-797ಎ ಬಂದಾಗ ಹಾಳೆಯ ಕೆಳಭಾಗ ನೋಡಿ. ಹರಿದು ತೆಗೆಯುವಂತೆ ಗೆರೆ ಇರುವ ಒಂದು ಚೀಟಿ, ಅದರ ಮೇಲೆ ನಿಮ್ಮ ಹೆಸರು, 11 ಅಕ್ಷರ-ಅಂಕಿಗಳ ಸಂಖ್ಯೆ, ಎಲ್ಲಿಂದ ಎಲ್ಲಿಯವರೆಗೆ ಎಂಬ ತಾರೀಖು. ಅದೇ ನಿಮ್ಮ ಹೊಸ ಐ-94. ಗಡಿ ಮತ್ತು ಕಸ್ಟಮ್ಸ್ ಇಲಾಖೆಯಾದ ಸಿಬಿಪಿಯ ಜಾಲತಾಣದಿಂದ ಇಳಿಸಿಕೊಳ್ಳುವುದು ವಿಮಾನ ನಿಲ್ದಾಣದಲ್ಲಿ ಕೊಟ್ಟ ಹಳೆಯದು. ಐ-797ಎ ಹಿಡಿದು ಲೈಸೆನ್ಸ್ ಕೊಡುವ ಎಂವಿಡಿ ಕಚೇರಿಗೆ ಹೋಗಿ ಲೈಸೆನ್ಸ್ ನವೀಕರಿಸಿಕೊಳ್ಳಿ. ಒಪ್ಪಿಗೆ ಬರುವ ಮೊದಲೇ ಲೈಸೆನ್ಸ್ ಮುಗಿದರೆ ಸ್ಟೀರಿಂಗ್ ಬೇರೆಯವರಿಗೆ ಕೊಡಿ, ಅರ್ಜಿಯ ರಸೀದಿ ಐ-797ಸಿ ನಕಲು ಜೊತೆಗಿಡಿ.

ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಮುಗಿದಿದೆ ಎಂದು ಹೆದರುವವರು ಬಹಳ. ವೀಸಾ ಬಾಗಿಲಲ್ಲಿ ಒಳಗೆ ಬರಲು. ಒಳಗೆ ಎಷ್ಟು ದಿನ ಎನ್ನುವುದನ್ನು ಹೇಳುವುದು ಐ-94. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಗಡಿಯ ಅಧಿಕಾರಿ ಐ-94 ತಾರೀಖನ್ನೂ ಅಲ್ಲಿಗೇ ಕತ್ತರಿಸುವುದುಂಟು. ಅದನ್ನು ನೋಡದೆ, ಎಚ್-1ಬಿ ಒಪ್ಪಿಗೆ ಇನ್ನೂ ಎರಡು ವರ್ಷ ಇದೆಯಲ್ಲ ಎಂದುಕೊಂಡವರು ಗೊತ್ತಿಲ್ಲದೆಯೇ ಅವಧಿ ಮೀರಿದ್ದಾರೆ. ಪ್ರತಿ ಸಲ ಊರಿಂದ ಮರಳಿದ ದಿನವೇ ಐ-94 ಇಳಿಸಿ ತಾರೀಖು ನೋಡಿ.

ಫೆಡರಲ್ ಕಾನೂನಿನ ಪ್ರಕಾರ 18 ತುಂಬಿದ ಪ್ರತಿಯೊಬ್ಬ ವಿದೇಶಿಯೂ ನೋಂದಣಿಯ ಪುರಾವೆಯನ್ನು ಸದಾ ತನ್ನ ಬಳಿ ಇಟ್ಟುಕೊಳ್ಳಬೇಕು. 1952ರ ಕಾಯ್ದೆಯ ಮಾತು ಇದು, ಇಲ್ಲದಿದ್ದರೆ ದಂಡ ಅಥವಾ 30 ದಿನದವರೆಗೆ ಜೈಲು. ದಶಕಗಟ್ಟಲೆ ಯಾರೂ ಅದನ್ನು ಕೇಳುತ್ತಿರಲಿಲ್ಲ. 2025ರ ಏಪ್ರಿಲ್ 11ರಿಂದ ಹೊಸ ನೋಂದಣಿ ನಿಯಮ ಬಂದ ಮೇಲೆ ಗಂಭೀರವಾಗಿ ತೆಗೆದುಕೊಳ್ಳುತ್ತಿದ್ದಾರೆ. ಐ-94 ಇರುವವರು ನೋಂದಾಯಿತರೇ, ಮತ್ತೆ ಅರ್ಜಿ ಬೇಡ. ಪ್ರಿಂಟ್ ಹಾಕಿ ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಡಿ. ಫೋನಿನಲ್ಲಿದೆ ಎಂದು ಬಿಡಬೇಡಿ: ಬ್ಯಾಟರಿ ಮುಗಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ಲಾಕ್ ತೆಗೆದ ಫೋನನ್ನು ಅಧಿಕಾರಿಯ ಕೈಗೆ ಕೊಡುವುದು ಒಳ್ಳೆಯದಲ್ಲ. ಫೋನ್ ಶೋಧಿಸಲು ವಾರಂಟ್ ಬೇಕು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೀವೇ ಕೊಟ್ಟು ಒಪ್ಪಿದರೆ ಆ ರಕ್ಷಣೆ ಹೋಯಿತು.

ಪರಿಶೀಲನೆ ಹೇಗೆ ನಡೆಯುತ್ತದೆ ಎಂದು ತಿಳಿದರೆ ನಮ್ಮವರಿಗೇ ವಿಶೇಷವಾಗಿ ಬರುವ ಒಂದು ತೊಡಕು ಅರ್ಥವಾಗುತ್ತದೆ. ಗಸ್ತು ಕಾರಿನ ಅಧಿಕಾರಿಗೆ ವಲಸೆಯ ಕಡತ ನೇರವಾಗಿ ಕಾಣುವುದಿಲ್ಲ. ವರ್ಮಾಂಟ್ ರಾಜ್ಯದ ವಿಲಿಸ್ಟನ್‌ನಲ್ಲಿ, ವಲಸೆ ಕಾನೂನು ಜಾರಿ ಮಾಡುವ ಫೆಡರಲ್ ಸಂಸ್ಥೆ ಐಸ್‌ನ (ICE) ಕೇಂದ್ರವೊಂದಿದೆ, ಹಗಲೂ ರಾತ್ರಿ ತೆರೆದಿರುತ್ತದೆ. ಅಲ್ಲಿಗೆ ಹೆಸರು, ಹುಟ್ಟಿದ ತಾರೀಖು, ಹುಟ್ಟಿದ ದೇಶ ಕಳಿಸಿ ಉತ್ತರಕ್ಕೆ ಕಾಯಬೇಕು. 2009ರ ಒಂದೇ ವರ್ಷ ಆ ಕೇಂದ್ರ 10 ಲಕ್ಷಕ್ಕೂ ಹೆಚ್ಚು ವಿಚಾರಣೆಗಳಿಗೆ ಉತ್ತರಿಸಿತ್ತು. ಗ್ರೀನ್ ಕಾರ್ಡಿನವರಿಗೆ ಎ-ನಂಬರ್ ಎಂಬ ವಲಸೆ ಕಡತದ ಸಂಖ್ಯೆ ಇರುವುದರಿಂದ ಹುಡುಕುವುದು ಸುಲಭ. ಎಚ್-1ಬಿ ಮತ್ತು ಪ್ರವಾಸಿ ವೀಸಾದವರಿಗೆ ಸಾಮಾನ್ಯವಾಗಿ ಅದಿಲ್ಲ, ಹೆಸರಿನ ಮೇಲೇ ಹುಡುಕಬೇಕು.

ನಮ್ಮ ಹೆಸರುಗಳೋ! ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಗಿವನ್ ನೇಮ್ ಜಾಗದಲ್ಲಿ 'ಮಂಜುನಾಥ ಹೊಸಳ್ಳಿ ರಾಮಪ್ಪ' ಎಂದು ಮೂರೂ ಒಟ್ಟಿಗೆ. ಅಮೆರಿಕದ ವೀಸಾದಲ್ಲಿ ಆ ಮೂರೂ ಸರ್‌ನೇಮ್ ಆಗಿ, ಗಿವನ್ ನೇಮ್ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಕೂರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂಬರ್ಥ. ಲೈಸೆನ್ಸಿನಲ್ಲಿ ಇನ್ನೊಂದು ಕ್ರಮ, ಕಂಪನಿಯ ಅರ್ಜಿಯಲ್ಲಿ ಮತ್ತೊಂದು. ಹುಡುಕಿದಾಗ ದಾಖಲೆ ಸಿಗಲಿಲ್ಲ ಎಂದರೆ ರಸ್ತೆಬದಿಯಲ್ಲಿ ನಿಂತವರಿಗೆ ಅದು ಅಕ್ರಮದ ಸುಳಿವಿನಂತೆ ಕಾಣಬಹುದು. ಐ-94ರ ಸಂಖ್ಯೆ ಕೈಯಲ್ಲಿದ್ದರೆ ಈ ಕಷ್ಟವಿಲ್ಲ. ಆ ಒಂದು ಹಾಳೆಗಾಗಿ ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕೇ.

ಕಾರು ನಿಲ್ಲಿಸಿದಾಗ: ಬಲಕ್ಕೆ ತೆಗೆದುಕೊಂಡು ನಿಲ್ಲಿಸಿ, ಎಂಜಿನ್ ಆರಿಸಿ, ಕಿಟಕಿ ಇಳಿಸಿ, ಕತ್ತಲಾಗಿದ್ದರೆ ಒಳಗಿನ ದೀಪ ಹಾಕಿ, ಎರಡೂ ಕೈ ಸ್ಟೀರಿಂಗ್ ಮೇಲೆ. ಊರಿನ ಅಭ್ಯಾಸದಂತೆ ಇಳಿದುಹೋಗಿ ಮಾತಾಡಿಸುವುದು ಬೇಡ, ಇಲ್ಲಿ ಅದನ್ನು ಬೆದರಿಕೆ ಎಂದೇ ನೋಡುತ್ತಾರೆ. ಹಿಂದಿನ ಸೀಟಿನಲ್ಲಿ ಅಮ್ಮ ಗಾಬರಿಯಿಂದ ಬ್ಯಾಗಿಗೆ ಕೈ ಹಾಕದಂತೆ ಮೊದಲೇ ಹೇಳಿಟ್ಟಿರಿ. ಲೈಸೆನ್ಸ್, ರಿಜಿಸ್ಟ್ರೇಷನ್, ವಿಮೆಯ ಚೀಟಿ, ಈ ಮೂರು ಕೊಡಬೇಕು. ಎಲ್ಲಿದೆ ಎಂದು ಬಾಯಲ್ಲಿ ಹೇಳಿ ಆಮೇಲೆ ಕೈ ಚಾಚಿ. ಸಕ್ರಮವಾಗಿ ತಡೆದಾಗ ನಿಜವಾದ ಪೂರ್ತಿ ಹೆಸರು ಹೇಳಲು ನಿರಾಕರಿಸುವುದು ಅರಿಜೋನಾದಲ್ಲಿ ಅಪರಾಧ. ಅದರಾಚೆಗಿನ ಪ್ರಶ್ನೆಗಳಿಗೆ, ಎಲ್ಲಿಯವರು, ಹೇಗೆ ಬಂದಿರಿ ಎಂಬವಕ್ಕೆ, ಉತ್ತರಿಸದಿರುವ ಹಕ್ಕು ನಿಮಗಿದೆ. 'ನಾನು ಉತ್ತರಿಸಲು ಬಯಸುವುದಿಲ್ಲ, ನಾನು ಹೊರಡಬಹುದೆ?' ಎಂದು ಇಂಗ್ಲಿಷಿನಲ್ಲಿ ಸೌಮ್ಯವಾಗಿ ಹೇಳಿದರೆ ಸಾಕು. ಕಾರಿನ ಡಿಕ್ಕಿ ನೋಡಲೇ ಎಂದರೆ 'ಒಪ್ಪಿಗೆ ಇಲ್ಲ' ಎನ್ನಬಹುದು; ನೋಡಿಯೇ ನೋಡಿದರೆ ಅಡ್ಡ ಹೋಗಬೇಡಿ.

ಆದರೆ ಸ್ಟೇಟಸ್ ಸರಿಯಿದ್ದವರು ಪ್ರತಿಯೊಂದಕ್ಕೂ ಮೌನ ಹಿಡಿಯಬೇಕೆಂದು ನನಗನಿಸುವುದಿಲ್ಲ. ಕೇಳಿದರೆ ಐ-94 ಕೊಟ್ಟರೆ ಮಾತು ಅಲ್ಲೇ ಮುಗಿಯುತ್ತದೆ. ಸ್ಟೇಟಸ್ ತೊಡಕಿನಲ್ಲಿದ್ದರೆ, ಕೆಲಸ ಹೋಗಿ 60 ದಿನದ ಗ್ರೇಸ್ ಅವಧಿಯಲ್ಲಿದ್ದರೆ ಅಥವಾ ಅರ್ಜಿ ತಿರಸ್ಕೃತವಾಗಿದ್ದರೆ, ಬಾಯಿ ಬಿಡುವ ಮೊದಲು ವಕೀಲರ ಜೊತೆ ಮಾತಾಡುವುದೇ ಸರಿ. ಯಾರೇ ಆಗಲಿ, ಬೇಗ ಬಿಟ್ಟುಬಿಡಲಿ ಎಂದು 'ನಾನು ಅಮೆರಿಕದ ನಾಗರಿಕ' ಎಂದು ಮಾತ್ರ ಹೇಳಬಾರದು. ಆ ಒಂದು ಸುಳ್ಳು ಫೆಡರಲ್ ಅಪರಾಧ, ಮೂರು ವರ್ಷದವರೆಗೆ ಜೈಲು. ಅದಕ್ಕಿಂತ ಘೋರವಾದದ್ದು, ಮುಂದೆ ಗ್ರೀನ್ ಕಾರ್ಡಿನ ದಾರಿ ಬಹುತೇಕ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಇಂಗ್ಲಿಷ್ ಸರಿಯಾಗಿ ತಿಳಿಯದ ಹಿರಿಯರು ಪ್ರಶ್ನೆ ಅರ್ಥವಾಗದೆ 'ಎಸ್, ಎಸ್' ಎನ್ನುತ್ತಾರೆ. ನಿಮ್ಮ ಅಪ್ಪ ಅಮ್ಮನಿಗೆ ಇದನ್ನು ಕೂರಿಸಿ ಹೇಳಿ: ಅರ್ಥವಾಗದ ಪ್ರಶ್ನೆಗೆ ತಲೆಯಾಡಿಸಬೇಡಿ.

ಅವರನ್ನು ಕೇಳಬಹುದೆ? ಕೇಳಬಹುದು. ಅವರ ಮೇಲೆ ಯಾವ ಅಪರಾಧದ ಅನುಮಾನವೂ ಇಲ್ಲದಿದ್ದರೆ ಅವರು ಉತ್ತರಿಸಲೇಬೇಕೆಂದಿಲ್ಲ. ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕದಿದ್ದರೆ ಆ ಕಾರಣಕ್ಕೇ ಗುರುತು ಕೇಳುವ ದಾರಿ ತೆರೆಯುತ್ತದೆ; ಅರಿಜೋನಾದಲ್ಲಿ ಹಿಂದಿನ ಸೀಟಿನ ವಯಸ್ಕರಿಗೆ ಅದು ಕಡ್ಡಾಯವಲ್ಲ, ಆದರೂ ಸುರಕ್ಷತೆಗಾಗಿ ಹಾಕಿಸಿ. 2010ರಲ್ಲಿ ಅರಿಜೋನಾದ ಪೊಲೀಸ್ ತರಬೇತಿಯಲ್ಲಿ ಅನುಮಾನದ ಲಕ್ಷಣಗಳೆಂದು ಕೊಟ್ಟ ಪಟ್ಟಿಯಲ್ಲಿ ಗುರುತಿನ ಚೀಟಿ ಇಲ್ಲದಿರುವುದು, ವಿದೇಶಿ ಗುರುತಿನ ಚೀಟಿ, ತುಂಬಿ ತುಳುಕುವ ವಾಹನ, ಹೊಂದದ ಉತ್ತರಗಳು, ಇಂಗ್ಲಿಷ್ ಮಾತಾಡಲು ಬಹಳ ಕಷ್ಟಪಡುವುದು ಎಲ್ಲ ಇದ್ದವು. ಕಾಗದವಿಲ್ಲದ ಅಪ್ಪ ಅಮ್ಮ ಅದರಲ್ಲಿ ಎರಡು ಮೂರಕ್ಕೆ ಸುಮ್ಮನೆ ಹೊಂದಿಬಿಡುತ್ತಾರೆ. 2007ರಲ್ಲಿ ಮಾರಿಕೋಪಾ ಕೌಂಟಿಯಲ್ಲಿ ಸರಿಯಾದ ವೀಸಾ ಇದ್ದ ಮೆಕ್ಸಿಕೊ ಪ್ರಯಾಣಿಕರೊಬ್ಬರನ್ನು ಗಂಟೆಗಟ್ಟಲೆ ಹಿಡಿದಿಟ್ಟರು. ಅವರು ಕಾರು ಓಡಿಸುತ್ತಿರಲೂ ಇಲ್ಲ. ಅದೇ ಮೆಲೆಂಡ್ರೆಸ್ ಪ್ರಕರಣವಾಗಿ, 2013ರಲ್ಲಿ ಶೆರಿಫ್ ಕಚೇರಿ ಜನಾಂಗ ನೋಡಿ ತಡೆಯುತ್ತಿತ್ತು ಎಂಬ ತೀರ್ಪು ಬಂತು. ತೀರ್ಪು ಸರಿಯೇ, ಆದರೆ ಬರಲು ಆರು ವರ್ಷ ಹಿಡಿಯಿತು. ಅಲಬಾಮಾದಲ್ಲಿ ಇಂಥದೇ ಕಾನೂನು ಬಂದ 2011ರಲ್ಲಿ ಕಾರು ಕಂಪನಿಯ ಜರ್ಮನ್ ಅಧಿಕಾರಿಯೊಬ್ಬರು ಜೊತೆಯಲ್ಲಿ ಬರೀ ಜರ್ಮನ್ ಗುರುತಿನ ಚೀಟಿ ಇಟ್ಟುಕೊಂಡಿದ್ದಕ್ಕೆ ಠಾಣೆಗೆ ಹೋಗಬೇಕಾಯಿತು.

ಹೀಗೆ ಮಾಡಿ. ಅವರು ಬಂದಿಳಿದ ಮರುದಿನ ಇಬ್ಬರ ಐ-94 ಇಳಿಸಿ. ವರ್ಗ 'ಬಿ2' (ಪ್ರವಾಸಿ) ಎಂದಿದೆಯೆ, ಹೆಸರು ಪಾಸ್‌ಪೋರ್ಟಿನಂತಿದೆಯೆ ನೋಡಿ. ಸಿಗದಿದ್ದರೆ ಹೆಸರನ್ನು ವೀಸಾದಲ್ಲಿರುವ ಕ್ರಮದಲ್ಲಿ, ಎಫ್‌ಎನ್‌ಯು ಸಮೇತ ಹಾಕಿ ನೋಡಿ. ಒಂದು ಐ-94, ಪಾಸ್‌ಪೋರ್ಟಿನ ಫೋಟೊ ಪುಟದ ಬಣ್ಣದ ನಕಲು, ಹಿಂದೆ ನಿಮ್ಮ ಫೋನ್ ನಂಬರ್ ಮತ್ತು ವಿಳಾಸ, ಇವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಪ್ಪನ ಜೇಬಿಗೊಂದು, ಅಮ್ಮನ ಪರ್ಸಿಗೊಂದು ಕೊಡಿ. ಬೆಳಗಿನ ವಾಕಿಂಗಿಗೆ ಹೋದಾಗಲೂ ಅದಿರಲಿ. ಮೂಲ ಪಾಸ್‌ಪೋರ್ಟ್ ಮನೆಯಲ್ಲೇ ಇರಲಿ, ಕಳೆದರೆ ಹೊಸದು ಮಾಡಿಸುವ ತಾಪತ್ರಯ ಬೇಡ.

ಒಂದು ಸಂದರ್ಭದಲ್ಲಿ ಮೂಲವೇ ಬೇಕು: ಮೆಕ್ಸಿಕೊ ಗಡಿಯತ್ತ ಹೋದಾಗ. ಟೂಸಾನ್‌ನ ದಕ್ಷಿಣಕ್ಕೆ, ಇಂಟರ್‌ಸ್ಟೇಟ್ 19ರಲ್ಲಿ ಟೂಬ್ಯಾಕ್ ಬಳಿ ಉತ್ತರಕ್ಕೆ ಬರುವ ಕಾರುಗಳನ್ನೆಲ್ಲ ನಿಲ್ಲಿಸುವ ಬಾರ್ಡರ್ ಪೆಟ್ರೋಲ್ ಚೆಕ್‌ಪೋಸ್ಟ್ ಇದೆ. ಟೆಕ್ಸಸ್‌ನವರು ಸೌತ್ ಪಾಡ್ರೆ ದ್ವೀಪದಿಂದ ಮರಳುವಾಗ ಸರೀಟಾದಲ್ಲೂ ಹೀಗೆಯೇ. ಇವರು ರಾಜ್ಯದ ಪೊಲೀಸರಲ್ಲ, ಫೆಡರಲ್ ಅಧಿಕಾರಿಗಳು. ಅನುಮಾನವಿಲ್ಲದೆಯೂ ಪ್ರತಿಯೊಬ್ಬರನ್ನೂ ಚುಟುಕಾಗಿ ಪ್ರಶ್ನಿಸಬಹುದು ಎಂದು 1976ರಲ್ಲೇ ಸುಪ್ರೀಂ ಕೋರ್ಟ್ ಒಪ್ಪಿದೆ. ಈವರೆಗೆ ಹೇಳಿದ ಲೈಸೆನ್ಸಿನ ಊಹೆ ಅಲ್ಲಿ ಕೆಲಸಕ್ಕೆ ಬಾರದು.

ಬಂಧನವಾದರೆ ಲೆಕ್ಕವೇ ಬೇರೆ. ಬಂಧಿಸಿದ ವ್ಯಕ್ತಿಯನ್ನು ಬಿಡುವ ಮೊದಲು ಸ್ಟೇಟಸ್ ತಿಳಿಯಬೇಕು ಎಂಬುದು 2(ಬಿ)ಯ ಇನ್ನೊಂದು ವಾಕ್ಯ. ಜೈಲಿನಲ್ಲಿ ತೆಗೆದ ಬೆರಳಚ್ಚು ಎಫ್‌ಬಿಐಗೆ, ಅಲ್ಲಿಂದ ವಲಸೆ ದಾಖಲೆಗೆ ಹೋಗುತ್ತದೆ. ಐಸ್‌ನವರು ಡಿಟೇನರ್ ಕಳಿಸಿದರೆ ಬಿಡುಗಡೆಯ ಹೊತ್ತಿನಿಂದ ಇನ್ನೂ 48 ಗಂಟೆ ಹಿಡಿದಿಡುವಂತೆ ಕೇಳುತ್ತಾರೆ. ಸಾಮಾನ್ಯ ವೇಗದ ಟಿಕೆಟ್‌ಗೆ ಇದೊಂದೂ ಇಲ್ಲ. ಆದರೆ ಅರಿಜೋನಾದಲ್ಲಿ ವಸತಿ ಅಥವಾ ವ್ಯಾಪಾರದ ಪ್ರದೇಶದಲ್ಲಿ ಮಿತಿಗಿಂತ 20 ಮೈಲಿಗೂ ಹೆಚ್ಚು ವೇಗ ಕ್ರಿಮಿನಲ್ ಪ್ರಕರಣ. ಕುಡಿದು ಓಡಿಸಿ ಸಿಕ್ಕಿಬಿದ್ದರೆ, ಶಿಕ್ಷೆಯಾಗುವ ಮೊದಲೇ, ಬಂಧನದ ಸುದ್ದಿಯ ಮೇಲೆಯೇ ವೀಸಾ ರದ್ದಾಗಬಹುದು. ಅಂಗಡಿಯ ಸೆಲ್ಫ್ ಚೆಕ್‌ಔಟ್‌ನಲ್ಲಿ ಸ್ಕ್ಯಾನ್ ಆಗದ ಸಾಮಾನು ಚೀಲಕ್ಕೆ ಬಿದ್ದರೂ ಕಳ್ಳತನದ ಆರೋಪ ಬರುತ್ತದೆ. ಅಪ್ಪ ಅಮ್ಮ ಒಬ್ಬರೇ ಹೋದಾಗ ಗಲ್ಲಾದವರಿರುವ ಸಾಲಿನಲ್ಲೇ ನಿಲ್ಲಲಿ. ಬಂಧಿಸಿದರೆ ವಕೀಲರನ್ನು ಕೇಳಿ, ಭಾರತದ ಕಾನ್ಸುಲೇಟ್‌ಗೆ ತಿಳಿಸಿ ಎಂದು ನೀವೇ ಬಾಯಿಬಿಟ್ಟು ಹೇಳಿ. ಅದು ವಿಯೆನ್ನಾ ಒಪ್ಪಂದದ ಹಕ್ಕು, ಆದರೆ ಭಾರತೀಯರ ವಿಷಯದಲ್ಲಿ ಕೇಳಿದರೆ ಮಾತ್ರ ತಿಳಿಸುತ್ತಾರೆ.

ಬೇರೆ ರಾಜ್ಯಕ್ಕೆ ಹೋದಾಗ ಇದೇ ಲೆಕ್ಕ ನಡೆಯದು. ಟೆಕ್ಸಸ್‌ನ 2017ರ ಎಸ್‌ಬಿ 4 ತಡೆದವರ ಸ್ಟೇಟಸ್ ಕೇಳಬೇಡಿ ಎಂದು ಪೊಲೀಸರನ್ನು ಯಾವ ಊರೂ ನಿರ್ಬಂಧಿಸದಂತೆ ಮಾಡಿದೆ. ಅರಿಜೋನಾದಂತೆ ಲೈಸೆನ್ಸ್‌ಗೆ ಊಹೆಯ ರಕ್ಷಣೆ ಅದರಲ್ಲಿಲ್ಲ. ಜಾರ್ಜಿಯಾದ 2024ರ ಎಚ್‌ಬಿ 1105 ಹೆಚ್ಚಾಗಿ ಬಂಧಿಸಿ ಜೈಲಿಗೆ ತಂದವರ ಸ್ಟೇಟಸ್‌ಗೆ ಸಂಬಂಧಿಸಿದ್ದು. ವಲಸೆ ಕಾನೂನಿನ ಜಾರಿಗಾಗಿ ಐಸ್ ಜೊತೆ 287(ಜಿ) ಎಂಬ ಒಪ್ಪಂದ ಮಾಡಿಕೊಂಡ ಶೆರಿಫ್‌ಗಳ ಕೆಲವು ಸಿಬ್ಬಂದಿಗೆ ಫೆಡರಲ್ ಅಧಿಕಾರವೇ ಇರುತ್ತದೆ. ರಸ್ತೆಯಲ್ಲಿ ಅದನ್ನು ಬಳಸುವ ಟಾಸ್ಕ್ ಫೋರ್ಸ್ ಮಾದರಿ 2012ರಲ್ಲಿ ನಿಂತಿತ್ತು, 2025ರಲ್ಲಿ ಮತ್ತೆ ಶುರುವಾಗಿದೆ.

ಮನೆ ಬದಲಿಸಿದರೆ 10 ದಿನದೊಳಗೆ ಎಆರ್-11 ಅರ್ಜಿಯಲ್ಲಿ ಹೊಸ ವಿಳಾಸ ತಿಳಿಸಿ, ಅದಕ್ಕೆ ಶುಲ್ಕವಿಲ್ಲ. ಸಲ್ಲಿಸಿದ ಪುಟದ ಪ್ರಿಂಟ್ ಇಟ್ಟುಕೊಳ್ಳಿ. ಎಚ್-1ಬಿಯವರ ಕುಟುಂಬಕ್ಕೆ ಕೊಡುವ ಎಚ್-4ನಲ್ಲಿರುವ ಮಗನೋ ಮಗಳೋ ಇದ್ದರೆ, 14 ತುಂಬಿದ 30 ದಿನದೊಳಗೆ ನೋಂದಣಿ ಅರ್ಜಿ ಜಿ-325ಆರ್ ಹಾಕಿ ಬೆರಳಚ್ಚು ಕೊಡಿಸಬೇಕು, ಮೊದಲೇ ಐ-94 ಇದ್ದರೂ.